ಗೀಸರ್ ರಿಪೇರಿಗೆ ಹೆಸರಾದ ನಮ್ಮ ಯಜಮಾನರು

ಗೀಸರ್ ಕೆಡುವುದಕ್ಕೂ ಒಂದು ಮುಹೂರ್ತ ಉಂಟು. ನಮಗೆ ಬಿಡುವಿರುವ ದಿನ ನೋಡಿ ಅದು ಯಾವತ್ತೂ ಕೆಟ್ಟದ್ದಿಲ್ಲ. ತಲೆಗೆ ಎಣ್ಣೆ ಇಟ್ಟುಕೊಂಡು ಕೂತ ಮೇಲೆ ಕೆಡುತ್ತದೆ, ಊರಿನಿಂದ ನೆಂಟರು ಬಂದು ಟ್ರಂಕು ಇಳಿಸುವಾಗ ಕೆಡುತ್ತದೆ, ಜ್ವರ ಬಿಟ್ಟವರಿಗೆ ಮೊದಲ ಸ್ನಾನ ಮಾಡಿಸುವ ಬೆಳಿಗ್ಗೆ ಕೆಡುತ್ತದೆ. ಕೊಚ್ಚಿಯಲ್ಲಿ ಮೂರು ವರ್ಷ, ಆಮೇಲೆ ತಿರುವನಂತಪುರದಲ್ಲಿ ಒಂದೂವರೆ ವರ್ಷ ನಾವಿದ್ದಾಗ ಇಂಥ ಮುಹೂರ್ತಗಳನ್ನು ನಾನು ಬೇಕಾದಷ್ಟು ಕಂಡೆ.

ಕೇರಳ ರಾಜ್ಯವಾಗಿ ಆಗಿನ್ನೂ ಒಂದೆರಡು ವರ್ಷ. ನಮ್ಮ ಯಜಮಾನರು ಕಾಸರಗೋಡಿನವರು, ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಕೆಲಸ. ನಾನು ಮಂಗಳೂರಿನವಳು. ನನ್ನ ಅಪ್ಪನಿಗೆ ಅಲ್ಲಿ ಕರೆಂಟಿನ ಸಾಮಾನು ರಿಪೇರಿ ಮಾಡುವ ಅಂಗಡಿ. ಶಾಲೆಯಿಂದ ಬಂದವಳು ಸೀದಾ ಅಂಗಡಿಗೆ ಹೋಗಿ ಕೂರುತ್ತಿದ್ದೆ. ಎಂಟನೇ ಕ್ಲಾಸಿಗೆ ಬರುವಾಗ ಇಸ್ತ್ರಿಪೆಟ್ಟಿಗೆ ಬಿಚ್ಚಿ ಜೋಡಿಸಲು ಬರುತ್ತಿತ್ತು. ಮದುವೆಯಲ್ಲಿ ಅಪ್ಪ ಕೊಟ್ಟ ಟ್ರಂಕಿನಲ್ಲಿ ಸೀರೆಗಳ ಅಡಿಯಲ್ಲಿ ಒಂದು ಚರ್ಮದ ಚೀಲ ಇತ್ತು: ಎರಡು ಸ್ಕ್ರೂಡ್ರೈವರ್, ಒಂದು ಸ್ಪ್ಯಾನರ್, ಒಂದು ಇಕ್ಕಳ, ಫ್ಯೂಸ್ ತಂತಿಯ ಉಂಡೆ, ಕರೆಂಟು ಇದೆಯೇ ಎಂದು ನೋಡಲು ಎರಡು ತಂತಿ ಸಿಕ್ಕಿಸಿದ ಒಂದು ಬಲ್ಬು.

ನಮ್ಮ ಯಜಮಾನರಿಗೋ ಕರೆಂಟು ಅಂದರೆ ಜೀವಭಯ. ಗೀಸರ್‌ನ ಸ್ವಿಚ್ಚು ಹಾಕುವಾಗ ಮರದ ಮಣೆಯ ಮೇಲೆ ನಿಂತು, ನನ್ನ ಲಟ್ಟಣಿಗೆಯಿಂದ ಒತ್ತುತ್ತಿದ್ದರು. ಈಗ ನೀವೇ ಹೇಳಿ, ನಮ್ಮಿಬ್ಬರಲ್ಲಿ ಗೀಸರ್ ರಿಪೇರಿಗೆ ಎರಡು ಪಟ್ಟಣಗಳಲ್ಲಿ ಹೆಸರಾದವರು ಯಾರಿರಬಹುದು? ಹೌದು, ಅವರೇ.

೧. ಸೌಖ್ಯ ಇಲ್ಲದ್ದು ಯಾರಿಗೆ?

ಕೊಚ್ಚಿಯ ಎರ್ನಾಕುಳಂನಲ್ಲಿ ನಮ್ಮ ಬಾಡಿಗೆ ಮನೆಯ ಬಚ್ಚಲಲ್ಲಿ ಒಂದು ಗೀಸರ್ ಇತ್ತು. ಹಿಂದೆ ಇದ್ದ ಯಾರೋ ಅಧಿಕಾರಿ ಹಾಕಿಸಿದ್ದು. ಆ ಸಾಲಿಗೆ ಅದೊಂದೇ. ಅಲ್ಲಿಯ ಜನ ಬೆಳಿಗ್ಗೆದ್ದು ತಣ್ಣೀರಲ್ಲಿ ಮುಳುಗಿ, ತೋರ್ತು ಎಂಬ ತೆಳು ಟವೆಲು ಸುತ್ತಿ, ಹಣೆಗೆ ಗಂಧ ಇಟ್ಟು ಹೊರಟುಬಿಡುವವರು. ಬಿಸಿನೀರು ಏನಿದ್ದರೂ ಕಾಯಿಲೆಯವರಿಗೆ ಮತ್ತು ಬಾಣಂತಿಯರಿಗೆ. ನಮ್ಮ ಬಚ್ಚಲಿನ ಕಿಟಕಿಯಲ್ಲಿ ದಿನಾ ಬೆಳಿಗ್ಗೆ ಹಬೆ ಹೋಗುವುದನ್ನು ಪಕ್ಕದ ಮನೆ ಚೇಚಿ, ಅಂದರೆ ಅಕ್ಕ, ನೋಡುತ್ತಿದ್ದಳು. ನಾಲ್ಕು ದಿನ ತಡೆದುಕೊಂಡು ಐದನೇ ದಿನ ಬೇಲಿಯ ಹತ್ತಿರ ಬಂದು, “ಆರ್ಕಾ ಸುಖಮಿಲ್ಲಾತ್ತೆ?” ಎಂದು ಕೇಳಿದಳು. ಯಾರಿಗೆ ಸೌಖ್ಯ ಇಲ್ಲ ಅಂತ.

“ಯಾರಿಗೂ ಏನೂ ಇಲ್ಲ ಚೇಚಿ, ಇವರ ಸ್ನಾನಕ್ಕೆ” ಎಂದೆ.

“ಪಾವಂ!” ಅಂದಳು. ಪಾಪ ಅಂತ. ನಾನು ಮುಚ್ಚಿಡುತ್ತಿದ್ದೇನೆ ಎಂದೇ ಅವಳಿಗೆ ಅನಿಸಿದ್ದು.

ಅದಾದ ಮೊದಲ ಭಾನುವಾರ ಇವರು ಮೈತುಂಬ ಎಣ್ಣೆ ಹಚ್ಚಿಕೊಂಡು ಬಚ್ಚಲಿಗೆ ಹೋದರು. ಹೊರಗೆ ಜೂನ್ ತಿಂಗಳ ಜಡಿಮಳೆ. ಎರಡು ನಿಮಿಷಕ್ಕೆ ಒಳಗಿನಿಂದ ಆರ್ತನಾದ: “ಓಯ್! ನೀರು ಐಸಾಗಿದೆ!”

ನಾನು ಚೀಲ ತೆಗೆದೆ. ಮದುವೆಯಾದ ಮೇಲೆ ಅದನ್ನು ಬಿಚ್ಚುವ ಯೋಗ ಬಂದದ್ದು ಅದೇ ಮೊದಲು, ಕೈ ಕುಣಿಯುತ್ತಿತ್ತು! ಮೇನ್ ಆಫ್ ಮಾಡಿ ಮೀಟರಿನ ಹಲಗೆ ನೋಡಿದರೆ ಗೀಸರ್‌ನ ಪಿಂಗಾಣಿ ಫ್ಯೂಸಿನಲ್ಲಿ ತಂತಿ ಸುಟ್ಟು ಕಪ್ಪಾಗಿತ್ತು. ಯಾರೋ ದೀಪಕ್ಕೆ ಹಾಕುವ ಸಪೂರ ತಂತಿ ಹಾಕಿದ್ದರು. ಅಷ್ಟು ದೊಡ್ಡ ಗೀಸರ್‌ನ ಭಾರ ಅದು ಹೇಗೆ ಹೊರಬೇಕು? ಸರಿಯಾದ ತಂತಿ ಕಟ್ಟಿದೆ, ಮೇನ್ ಹಾಕಿದೆ, ಹತ್ತು ನಿಮಿಷದಲ್ಲಿ ಹಬೆ ಬಂತು. ಕೈ ತೊಳೆಯಲು ಹೋಗುವಾಗ ಸ್ಕ್ರೂಡ್ರೈವರ್ ಇವರ ಕೈಯಲ್ಲಿ ಕೊಟ್ಟೆ. ಹಾವಿನ ಬಾಲ ಹಿಡಿದ ಹಾಗೆ ಹಿಡಿದುಕೊಂಡು ನಿಂತರು.

ಆ ಹೊತ್ತಿಗೆ ಹಿಂಬಾಗಿಲಿನಿಂದ ಚೇಚಿ ಬಂದಳು. ಕೈಯಲ್ಲಿ ಗಂಜಿಯ ಪಾತ್ರೆ, ಮೇಲೆ ಸುಟ್ಟ ಪಪ್ಪಡಂ. ರೋಗಿಗೆ ಅಂತ ತಂದದ್ದು. ನೋಡಿದರೆ ರೋಗಿ ಮೈಯೆಲ್ಲ ಎಣ್ಣೆ ಜಿಡ್ಡಾಗಿ ಸ್ಕ್ರೂಡ್ರೈವರ್ ಹಿಡಿದು ನಿಂತಿದ್ದಾರೆ, ಹಿಂದೆ ನಲ್ಲಿಯಲ್ಲಿ ಹೊಗೆಯಾಡುವ ನೀರು.

“ಸಾರ್ ತನ್ನೆ ನನ್ನಾಕ್ಕಿಯೋ?” ಎಂದಳು. ಸಾರೇ ಸರಿ ಮಾಡಿದ್ದಾ ಅಂತ.

ಇವರು ಅಲ್ಲ ಎನ್ನಲು ಬಾಯಿ ತೆರೆದರು. ಬಂದದ್ದು ಸೀನು. ಒಂದಲ್ಲ, ಮೂರು. ಮೂರು ಸಲವೂ ತಲೆ ಮುಂದಕ್ಕೆ ಬಾಗಿತು. ಚೇಚಿ ಅದನ್ನು ಹೌದು ಎಂದು ತಿಳಿದಳು.

ಸಂಜೆಗೆ ಸಾಲಿಡೀ ಸುದ್ದಿ: “ಅಂಥ ಕಾಯಿಲೆಯಲ್ಲೂ ಆ ಸಾರ್ ಎಂಥ ಕೆಲಸಗಾರ!”

೨. ತುಂಬ ಒಳಗೆ ಇರುವ ವಾಲ್ವು

ಸುದ್ದಿ ಕಚೇರಿಗೂ ಮುಟ್ಟಿತು. ಮೇಲಿನವರೊಬ್ಬರು ಇವರನ್ನು ಕರೆದು, “ನಮ್ಮಲ್ಲಿಯೂ ಒಂದು ಗೀಸರ್ ಉಂಟಲ್ಲ, ಸ್ವಲ್ಪ ನೋಡಿ” ಎಂದರಂತೆ. ಇವರು ಮನೆಗೆ ಬಂದು ತಲೆಗೆ ಕೈಕೊಟ್ಟು ಕೂತರು.

“ನಾಳೆ ನಿಜ ಹೇಳಿಬಿಡ್ತೇನೆ ಮಾರಾಯ್ತಿ. ಮಾಡಿದ್ದು ನನ್ನ ಹೆಂಡತಿ ಅಂತ.”

ತಡೆದವಳು ನಾನೇ. ಹೆಂಗಸೊಬ್ಬಳು ಸ್ಪ್ಯಾನರ್ ಹಿಡಿದು ಊರವರ ಬಚ್ಚಲಿಗೆ ಹೋಗುತ್ತಾಳೆ ಎಂದು ಕಾಸರಗೋಡಿನಲ್ಲಿ ಅತ್ತೆಗೆ ಗೊತ್ತಾದರೆ ಏನು ಗತಿ? ಅದಕ್ಕಿಂತ ದೊಡ್ಡ ಭಯ ಇನ್ನೊಂದು: ಗೊತ್ತಾದರೆ ನನ್ನನ್ನು ಯಾರೂ ಕರೆಯುವುದಿಲ್ಲ. ನನಗೋ ಇನ್ನೊಂದು ಗೀಸರ್ ಬಿಚ್ಚಿ ನೋಡುವ ಆಸೆ ನಾಲಿಗೆ ಚಪಲದ ಹಾಗೆ ಹತ್ತಿಬಿಟ್ಟಿತ್ತು.

ಹಾಗಾಗಿ ಒಂದು ಏರ್ಪಾಡು ಮಾಡಿದೆವು. ಇವರು ಚೀಲ ಹಿಡಿದು ಮುಂದೆ. ಟಾರ್ಚ್ ಹಿಡಿಯಲು ಮನೆಯವಳು ಎಂದು ನಾನು ಹಿಂದೆ. ಬಚ್ಚಲಿನ ಬಾಗಿಲು ಹಾಕಿದ ಮೇಲೆ ಚೀಲ ನನಗೆ, ಟಾರ್ಚ್ ಅವರಿಗೆ. ಭಯಕ್ಕೆ ಕಣ್ಣು ಮುಚ್ಚಿಕೊಂಡು ಹಿಡಿಯುತ್ತಿದ್ದರು. ಹಾಗಾಗಿ ಬೆಳಕು ಹೆಚ್ಚಾಗಿ ಮಾಡಿನ ಜೇಡರ ಬಲೆಗೆ ಬೀಳುತ್ತಿತ್ತು. ಹೊರಗಿನವರಿಗೆ ಅನುಮಾನ ಬರಬಾರದು ಎಂದು ನಡುನಡುವೆ ಗಟ್ಟಿಯಾಗಿ, “ಹಾಂ! ಹೀಗೋ ವಿಷಯ!” ಎನ್ನುತ್ತಿದ್ದರು.

ಒಂದು ಮನೆಯಲ್ಲಿ ಹುಮ್ಮಸ್ಸು ಹೆಚ್ಚಾಗಿ, “ನೋಡಿದೆಯಾ, ಇದರ ಡಬಲ್ ಗೇಜಿನ ವಾಲ್ವೇ ತಿರುಗಿ ನಿಂತಿದೆ!” ಎಂದು ಕೂಗಿದರು. ಅಂಥದ್ದೊಂದು ವಾಲ್ವು ಭೂಮಿಯ ಮೇಲೆ ಇಲ್ಲ. ನಾನು ಎಲಿಮೆಂಟಿಗೆ ಕಟ್ಟಿದ ಸುಣ್ಣದ ಹಾಗಿನ ಬಿಳಿ ಪದರವನ್ನು ಹುಣಸೆಹುಳಿ ನೀರಲ್ಲಿ ನೆನೆಸಿ ಕೆರೆಯುತ್ತಿದ್ದವಳು ನಗು ತಡೆಯಲಾಗದೆ ಸೆರಗು ಕಚ್ಚಿಕೊಂಡೆ.

ಹೊರಗೆ ಬಂದ ಮೇಲೆ ಮನೆಯ ಯಜಮಾನರು ನನ್ನನ್ನೇ ಕೇಳಿದರು, “ಆ ಡಬಲ್ ಗೇಜಿನ ವಾಲ್ವು ಎಲ್ಲಿರುತ್ತದಮ್ಮ?”

“ತುಂಬ ಒಳಗೆ” ಎಂದೆ. “ಇವರಿಗೆ ಮಾತ್ರ ಕಾಣಿಸುತ್ತದೆ.”

೩. ರಾಡಿಗೆ ಅಂಟಿದ್ದು

ಕೊಚ್ಚಿಯ ಹತ್ತಿರದ ಏಲೂರಿನ ಕಾರ್ಖಾನೆಗಳಲ್ಲಿ ಕೆಲಸಕ್ಕಿದ್ದ ನಮ್ಮ ಕಡೆಯ ಮೂವರು ಬ್ರಹ್ಮಚಾರಿಗಳು ಒಂದು ಕೋಣೆ ಮಾಡಿಕೊಂಡಿದ್ದರು. ಅವರಲ್ಲಿ ಗೀಸರ್ ಇಲ್ಲ, ಬಕೆಟಿಗೆ ಇಳಿಬಿಡುವ ನೀರು ಕಾಯಿಸುವ ರಾಡ್ ಇತ್ತು. ಅದನ್ನು ಕಾಗದದಲ್ಲಿ ಸುತ್ತಿಕೊಂಡು ಮೂವರೂ ನಮ್ಮ ಮನೆಗೆ ಬಂದರು.

“ಮೊದಲು ಅರ್ಧ ಗಂಟೆಗೆ ಕುದೀತಿತ್ತು ಸಾರ್. ಈಗ ಒಂದೂವರೆ ಗಂಟೆ ಬೇಕು. ಒಂದು ಸುಟ್ಟ ವಾಸನೆ ಕೂಡ ಬರ್ತದೆ.”

ಇವರು ವೈದ್ಯರು ನಾಡಿ ನೋಡುವ ಹಾಗೆ ರಾಡನ್ನು ದೂರದಿಂದಲೇ ದಿಟ್ಟಿಸಿ, “ಒಳಗೆ ತಗೊಂಡು ಹೋಗಿ ನೋಡಬೇಕು” ಎಂದರು. ಅಡುಗೆಮನೆಗೆ ತಂದು ನನ್ನ ಮುಂದಿಟ್ಟರು.

ರಾಡಿನ ಮೈಗೆ ಬೆರಳು ದಪ್ಪ ಕಂದು ಪದರ ಕಟ್ಟಿತ್ತು. ಕೊಚ್ಚಿಯ ಕೆಲವು ಬಾವಿಗಳ ನೀರು ಉಪ್ಪು, ಅದು ಬಿಳಿಯಾಗಿ ಕಟ್ಟುವುದನ್ನು ಕಂಡಿದ್ದೆ. ಕಂದು ಬಣ್ಣದ್ದು ಕಂಡಿರಲಿಲ್ಲ. ಚಾಕುವಿನ ತುದಿಯಿಂದ ಒಂದು ಚಕ್ಕೆ ಎಬ್ಬಿಸಿದೆ. ಮೂಸಿ ನೋಡಿದೆ. ದೀಪಕ್ಕೆ ಹಿಡಿದೆ. ಚಕ್ಕೆಯೊಳಗೆ ಸಾಲಾಗಿ ನಾಲ್ಕು ಕುಚ್ಚಿಲಕ್ಕಿ ಕಾಳು!

ತಡೆಯಲಾಗಲಿಲ್ಲ. ಚಕ್ಕೆಯನ್ನು ತಟ್ಟೆಯಲ್ಲಿಟ್ಟುಕೊಂಡು ಜಗಲಿಗೇ ಬಂದೆ. “ಸ್ನಾನದ ನೀರಿನಲ್ಲಿ ಅನ್ನ ಹೇಗೆ ಬಂತು?”

ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬ ಹೇಳಿದ, “ನಮ್ಮ ಬಾವಿ ಗದ್ದೆಯ ಬದಿಯಲ್ಲಿ ಉಂಟು ಅಕ್ಕ.”

“ಬೇಯಿಸಿದ ಅನ್ನ ಬೆಳೆಯುವ ಗದ್ದೆಯೋ?”

ಆಗ ಬಾಯಿ ಬಿಟ್ಟರು. ಸೀಮೆಎಣ್ಣೆ ಸ್ಟವ್ ಕೆಟ್ಟು ತಿಂಗಳಾಗಿತ್ತು. ಬೆಳಿಗ್ಗೆ ಅದೇ ಬಕೆಟು, ಅದೇ ರಾಡು, ಮೊದಲು ಸ್ನಾನ, ಆಮೇಲೆ ಗಂಜಿ. “ಸ್ವಿಚ್ಚು ಹಾಕಿರುವಾಗ ಬೆಂದಿದೆಯಾ ಅಂತ ಸೌಟು ಹಾಕಿ ನೋಡಿದರೆ ಸತ್ತು ಹೋಗ್ತೀರಿ ಮಕ್ಕಳೇ!” ಎಂದು ಬೈದೆ. ನಮ್ಮ ಹಳೆಯ ಸ್ಟವ್ ಒಂದಿತ್ತು. ಅದಕ್ಕೆ ಬತ್ತಿ ಹಾಕಿ ಅವರ ಕೈಗೆ ಕೊಟ್ಟೆ. ರಾಡನ್ನು ಹುಳಿಯಲ್ಲಿ ನೆನೆಸಿ ಕೆರೆದು ಬೆಳ್ಳಿಯ ಹಾಗೆ ಮಾಡಿದೆ.

ಮಾರನೆಯ ವಾರ ಒಬ್ಬ ಬಂದ. “ಹೇಗುಂಟು ಈಗ?” ಎಂದೆ.

“ಸ್ನಾನಕ್ಕೆ ಚೆನ್ನಾಗಿ ಕಾಯ್ತದೆ ಅಕ್ಕ” ಎಂದ ಸಪ್ಪಗೆ. “ಆದರೆ ಸ್ಟವ್‌ನಲ್ಲಿ ಮಾಡಿದ ಗಂಜಿಗೆ ಆ ಸೋಪಿನ ಪರಿಮಳ ಬರುದಿಲ್ಲ.”

೪. ವಕೀಲರು ಮತ್ತು ಬಿರಡೆ

ಎರ್ನಾಕುಳಂನಲ್ಲೇ ಕಾಸರಗೋಡು ಕಡೆಯ ಒಬ್ಬ ವಕೀಲರಿದ್ದರು. ದೊಡ್ಡ ಹೆಸರು, ಅದಕ್ಕಿಂತ ದೊಡ್ಡ ಗಂಟಲು. ಅವರ ಹೊಸ ಗೀಸರ್ ತೊಟ್ಟಿಕ್ಕುತ್ತದೆ ಎಂದು ಹೇಳಿಕಳಿಸಿದರು.

ಹೋಗಿ ನೋಡಿದೆವು. ಗೀಸರ್‌ಗೆ ಏನೂ ಆಗಿರಲಿಲ್ಲ. ಆಗಿನ ಆ ಗೀಸರ್‌ಗಳಲ್ಲಿ ತಣ್ಣೀರು ಒಳಗೆ ಬರುವ ಕಡೆ ಮಾತ್ರ ನಲ್ಲಿ. ಬಿಸಿನೀರು ಹೊರಬರುವ ಮೂತಿ ಯಾವಾಗಲೂ ತೆರೆದೇ ಇರಬೇಕು. ನೀರು ಕಾದಾಗ ಹಿಗ್ಗುತ್ತದೆ, ಹಿಗ್ಗಿದ್ದು ಹನಿಹನಿಯಾಗಿ ಆ ಮೂತಿಯಿಂದ ಹೋಗುತ್ತದೆ. ನಾನು ಒಳಗೆ ಪಿಸುಗುಟ್ಟಿದ್ದನ್ನು ಇವರು ಹೊರಗೆ ಹೇಳಿದರು: “ಅದು ತೊಟ್ಟಿಕ್ಕಬೇಕು. ಮುಚ್ಚಬಾರದು.”

ವಕೀಲರು ಒಪ್ಪುವವರೇ? “ನಲ್ಲಿ ಮುಚ್ಚಿದ ಮೇಲೂ ನೀರು ಬರ್ತದೆ ಅಂದರೆ ಅದು ದೋಷ. ದೋಷ ಇದ್ದರೆ ಪರಿಹಾರ ಇರಬೇಕು. ನಿಮ್ಮ ವಾದಕ್ಕೆ ಆಧಾರ ಎಂತ?”

“ನೀರಿಗೆ ಬಿಸಿಯಾದರೆ ಜಾಗ ಸಾಲುವುದಿಲ್ಲ ಸಾರ್.”

“ಅದು ನೀರಿನ ಹೇಳಿಕೆಯೋ ನಿಮ್ಮದೋ?”

ಇವರು ಸೋತು ಬಂದರು. ಬರುವಾಗ ನಾನು ವಕೀಲರ ಹೆಂಡತಿಗೆ ಮತ್ತೆ ಮತ್ತೆ ಹೇಳಿದೆ, “ಯಾವ ಕಾರಣಕ್ಕೂ ಆ ಮೂತಿಗೆ ಏನೂ ತುರುಕಬೇಡಿ.” ಪಾಪ, ಅವರು ಗಂಡನಿಗೆ ಹೇಳಿಯೂ ಹೇಳಿದರು. ಹೇಳಿದ್ದೇ ತಪ್ಪಾಯಿತು. ತುರುಕುವ ಉಪಾಯ ವಕೀಲರಿಗೆ ಹೊಳೆದದ್ದೇ ಆಗ.

ಆಯುರ್ವೇದದ ಅರಿಷ್ಟದ ಸೀಸೆಯ ಬಿರಡೆ ತಂದು ಮೂತಿಗೆ ಒತ್ತಿ ಕೂರಿಸಿದರು. ಸ್ವಿಚ್ಚು ಹಾಕಿದರು. ತೊಟ್ಟು ನಿಂತಿತು. ಗೆದ್ದ ಸಂತೋಷದಲ್ಲಿ ತೋರ್ತು ಉಟ್ಟುಕೊಂಡು ಮುಖಕ್ಕೆ ಕ್ಷೌರದ ಸೋಪು ಹಚ್ಚಿ ಕನ್ನಡಿಯ ಮುಂದೆ ನಿಂತರು. ಒಂದು ಕೆನ್ನೆ ಮುಗಿದಿತ್ತು. ಆಗ ಡಬ್ ಎಂದು ಬಿರಡೆ ಹಾರಿತು! ಕಿವಿಯ ಪಕ್ಕದಲ್ಲೇ ಹೋಗಿ ಕನ್ನಡಿಗೆ ಬಡಿಯಿತು, ಕನ್ನಡಿ ಮೂರು ಹೋಳು. ಹಿಂದಿನಿಂದ ಹೊಗೆಯಾಡುವ ನೀರು ಪಿಚಕಾರಿಯ ಹಾಗೆ. ಪುಣ್ಯಕ್ಕೆ ಮೈಗೆ ತಾಗಲಿಲ್ಲ. ವಕೀಲರು ಒಂದು ಕೆನ್ನೆಯಲ್ಲಿ ಸೋಪು, ಒಂದು ಕೈಯಲ್ಲಿ ತೋರ್ತಿನ ಗಂಟು ಹಿಡಿದುಕೊಂಡು ಹೊರಗೋಡಿದರು. ಓಡಿ ನಿಂತದ್ದು ಜಗಲಿಯಲ್ಲಿ. ಅಲ್ಲಿ ಆರು ಮಂದಿ ಕಕ್ಷಿಗಾರರು ಕಾದು ಕೂತಿದ್ದರು. ಎಲ್ಲರೂ ಗೌರವದಿಂದ ಎದ್ದು ನಿಂತರು.

ಇವರು ಸುದ್ದಿ ಕೇಳಿ ಓಡಿಹೋಗಿ, “ಏನಾಯ್ತು ಸಾರ್?” ಎಂದು ವಿಚಾರಿಸಿದರು.

ವಕೀಲರು ಕೆನ್ನೆ ಒರೆಸಿಕೊಂಡು ಹೇಳಿದರು, “ನೀರಿನ ಹೇಳಿಕೆ ಆಯ್ತು.”

೫. ಅಮ್ಮಾವನ ಮೊಣಕಾಲು

ಆಮೇಲೆ ತಿರುವನಂತಪುರಕ್ಕೆ ವರ್ಗವಾಯಿತು. ಹೆಸರು ನಮಗಿಂತ ಮೊದಲೇ ಹೋಗಿ ಅಲ್ಲಿ ಕೂತಿತ್ತು. ಅಲ್ಲಿಯ ಶ್ರೀಕಾರ್ಯಂ ಬಡಾವಣೆಯಲ್ಲಿದ್ದ ಇವರ ಸಹೋದ್ಯೋಗಿಯೊಬ್ಬರು ಬಂದು, “ನಮ್ಮ ಮನೆ ಗೀಸರ್ ಮುಟ್ಟಿದರೆ ಜುಂ ಅನ್ನುತ್ತದೆ, ನೋಡಿ. ಆದರೆ ಮನೆಯ ಮಾಲೀಕರು ಬಿಡುತ್ತಿಲ್ಲ” ಎಂದರು.

ಮಾಲೀಕರು ಎಪ್ಪತ್ತು ದಾಟಿದ ಮುದುಕರು, ನಿವೃತ್ತ ಮೇಷ್ಟ್ರು. ಊರಿಗೆಲ್ಲ ಅಮ್ಮಾವನ್, ಅಂದರೆ ಮಾವ. ಪಕ್ಕದಲ್ಲೇ ಮನೆ. ನಾವು ಹೋದಾಗ ಸಹೋದ್ಯೋಗಿಯ ಮನೆಯ ಬಚ್ಚಲಿನ ಹೊರಗೆ ನಾಲ್ಕು ಮಂದಿ ಮುದುಕರು ಹೆಗಲ ಮೇಲೆ ತೋರ್ತು ಹಾಕಿಕೊಂಡು ಸಾಲಾಗಿ ಕೂತಿದ್ದರು. ಒಳಗಿನಿಂದ ಅಮ್ಮಾವನ್ ಕೂಗುತ್ತಿದ್ದರು, “ಆಹಾ! ಬಂತು! ಮೊಣಕಾಲಿಗೆ ಬಂತು!”

ವಿಷಯ ಇಷ್ಟೇ. ಬಿಸಿನೀರಿನ ಕೊಳವೆ ಹಿಡಿದರೆ ಕೈಯಿಂದ ಕಾಲಿನವರೆಗೆ ಜುಮುಗುಟ್ಟುತ್ತಿತ್ತು. ಹಾಗೆ ಹಿಡಿದ ಮೇಲೆ ಅಮ್ಮಾವನ ಹತ್ತು ವರ್ಷದ ಮೊಣಕಾಲು ನೋವು ಹೋಗಿತ್ತಂತೆ. ಕರೆಂಟಿನ ಚಿಕಿತ್ಸೆ ಎಂದು ಗೆಳೆಯರನ್ನೆಲ್ಲ ಕರೆದಿದ್ದರು.

ಅವರು ಹೊರಬಂದ ಕೂಡಲೇ ನಾವು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆವು. ನನ್ನ ಬಲ್ಬಿನ ಒಂದು ತಂತಿ ಗೀಸರ್‌ನ ಮೈಗೆ, ಇನ್ನೊಂದು ತಂತಿ ಕರೆಂಟು ಹಿಂದಿರುಗುವ ತಂತಿಗೆ ಮುಟ್ಟಿಸಿದೆ. ಬಲ್ಬು ಮಿಣುಕಿತು. ಆ ಕೆಂಪು ಮಿಣುಕು ಈಗಲೂ ಕಣ್ಣ ಮುಂದೆ ಉಂಟು. ಒಳಗಿನ ಎಲಿಮೆಂಟ್ ಬಿರುಕು ಬಿಟ್ಟು ಕರೆಂಟು ತೊಟ್ಟಿಗೆ ಇಳಿಯುತ್ತಿತ್ತು. ಅದನ್ನು ನೆಲಕ್ಕೆ ಸಾಗಿಸಬೇಕಾದ ಅರ್ತ್ ತಂತಿ ಎಲ್ಲಿಗೆ ಹೋಗಿದೆ ಎಂದು ಹಿಡಿದುಕೊಂಡು ಹೋದೆ. ಗೋಡೆಯ ಮೇಲೆ ಇಳಿದು, ಬಾಗಿಲ ಹಿಂದಿನ ಒಂದು ಮೊಳೆಗೆ ಸುತ್ತಿಕೊಂಡಿತ್ತು. ಆ ಮೊಳೆಯಲ್ಲಿ ಅಮ್ಮಾವನ ಕೊಡೆ ನೇತಾಡುತ್ತಿತ್ತು.

ಇವತ್ತು ಮಿಣುಕಿದ್ದು ನಾಳೆ ಭಗ್ಗನೆ ಉರಿದರೆ ಅಮ್ಮಾವನಿಗೆ ಮೊಣಕಾಲಿನದು ಮಾತ್ರವಲ್ಲ, ಯಾವ ನೋವೂ ಉಳಿಯುತ್ತಿರಲಿಲ್ಲ. ಮೇನ್ ಆಫ್ ಮಾಡಿ ಫ್ಯೂಸ್ ಕಿತ್ತು ನನ್ನ ಚೀಲಕ್ಕೆ ಹಾಕಿದೆ. ಹೊರಗೆ ಗಲಾಟೆಯೋ ಗಲಾಟೆ.

“ಸಾರೇ, ನನ್ನ ಔಷಧಿ ತೆಗೀಬೇಡಿ!” ಎಂದು ಅಮ್ಮಾವನ್ ಇವರ ಕೈ ಹಿಡಿದುಕೊಂಡರು. ಸಾಲಿನಲ್ಲಿದ್ದ ಒಬ್ಬರು, “ನನಗೆ ಇನ್ನೂ ಮೊದಲನೇ ದಿನ” ಎಂದು ಅಳುಮುಖ ಮಾಡಿದರು.

ಇವರು ಆ ದಿನ ನಿಜಕ್ಕೂ ಗಟ್ಟಿ ನಿಂತರು. “ಅಮ್ಮಾವಾ, ನಿಮ್ಮ ಕಾಲು ನೋವಾದರೂ ಪರವಾಗಿಲ್ಲ, ನೀವಿರಬೇಕು” ಎಂದರು. ಎರಡು ದಿನದಲ್ಲಿ ಹೊಸ ಎಲಿಮೆಂಟ್ ತರಿಸಿ ಹಾಕಿದೆವು. ಅಂಗಳದಲ್ಲಿ ಗುಂಡಿ ತೋಡಿಸಿ, ಕಬ್ಬಿಣದ ಪೈಪು ಇಳಿಸಿ, ಸುತ್ತ ಇದ್ದಿಲು ಉಪ್ಪು ತುಂಬಿ, ಅರ್ತ್ ತಂತಿಯನ್ನು ಅದಕ್ಕೆ ಕಟ್ಟಿದೆವು. ಅಮ್ಮಾವನ್ ಮುಖ ತಿರುಗಿಸಿಕೊಂಡೇ ಕೂತಿದ್ದರು. ಕಡೆಗೆ ಒಂದೇ ಕೇಳಿದರು, “ಆ ಕರೆಂಟು ಈಗ ಎಲ್ಲಿಗೆ ಹೋಗುತ್ತದೆ?”

“ಇನ್ನು ಬಂದರೆ ಈ ಗುಂಡಿಗೆ” ಎಂದರು ಇವರು. “ಇದಕ್ಕೆ ಆಗಾಗ ನೀರು ಹಾಕಬೇಕು.”

ತಿಂಗಳು ಬಿಟ್ಟು ಹೋದೆವು. ಬೆಳಗಿನ ಹೊತ್ತು. ಅಂಗಳದ ಆ ಗುಂಡಿಯ ಮೇಲೆ ಅಮ್ಮಾವನ್ ಬರಿಗಾಲಲ್ಲಿ ನಿಂತಿದ್ದಾರೆ, ಕೈಯಲ್ಲಿ ಚೊಂಬು, ಕಾಲಿನ ಮೇಲೆ ನೀರು ಹೊಯ್ದುಕೊಳ್ಳುತ್ತಿದ್ದಾರೆ. ಪಕ್ಕದಲ್ಲಿ ಆ ನಾಲ್ವರೂ ಸಾಲಾಗಿ. ನನ್ನನ್ನು ಕಂಡು, ಮಗಳೇ ಎಂದು ಕರೆದು, ಗುಟ್ಟು ಹೇಳುವ ಹಾಗೆ ಹೇಳಿದರು:

“ಮೋಳೇ, ಬಚ್ಚಲಿಗಿಂತ ಇಲ್ಲೇ ಒಳ್ಳೆಯದು. ಕರೆಂಟು ಇಲ್ಲಿ ತಣ್ಣಗಾಗಿ ಬರುತ್ತದೆ.”

ಅಷ್ಟು ಒದ್ದೆಯಾದ, ಅಷ್ಟು ಒಳ್ಳೆಯ ಅರ್ತ್ ತಿರುವನಂತಪುರದಲ್ಲಿ ಇನ್ನೊಂದು ಇರಲಿಲ್ಲ.

೬. ನಾಲ್ಕು ಸ್ಕ್ರೂ

ಇವರ ಕಚೇರಿಗೆ ಹೊಸ ದೊಡ್ಡ ಸಾಹೇಬರು ಬಂದರು. ಮೈಸೂರು ಕಡೆಯವರು. ಪಟ್ಟಂನಲ್ಲಿ ಬಂಗಲೆ. ಒಂದು ಶನಿವಾರ ಪ್ಯೂನ್ ಬಂದು ಇವರಿಗೆ ಹೇಳಿದ, “ಸಾಹೇಬರು ನಾಲ್ಕು ಗಂಟೆಗೆ ಬಂಗಲೆಗೆ ಬರಹೇಳಿದ್ದಾರೆ. ಗೀಸರ್. ಒಬ್ಬರೇ ಬರಬೇಕಂತೆ.”

ಒಬ್ಬರೇ! ಇವರು ಮನೆಗೆ ಬಂದಾಗ ಮುಖದಲ್ಲಿ ರಕ್ತವಿರಲಿಲ್ಲ. ಆಗ ಮಧ್ಯಾಹ್ನ ಒಂದು ಗಂಟೆ. ಪರೀಕ್ಷೆಗೆ ಮಗನನ್ನು ತಯಾರು ಮಾಡುವ ಹಾಗೆ ಕೂರಿಸಿಕೊಂಡು ಬಾಯಿಪಾಠ ಮಾಡಿಸಿದೆ.

“ಮೊದಲು?”

“ಮೇನ್ ಆಫ್.”

“ಆಮೇಲೆ?”

“ದೇವರ ಧ್ಯಾನ.”

“ಫ್ಯೂಸ್ ನೋಡುವುದು!”

“ಹಾಂ, ಫ್ಯೂಸ್. ಆಮೇಲೆ ಮುಚ್ಚಳ. ಆಮೇಲೆ ಆ... ಶಾಖ ನೋಡಿ ಕರೆಂಟು ನಿಲ್ಲಿಸುವ... ಎಂತದದು?”

“ಥರ್ಮೋಸ್ಟಾಟ್.”

“ಅದರ ಹೆಸರು ಹೇಳುವಾಗಲೇ ನನಗೆ ಷಾಕ್ ಹೊಡೀತದೆ ಮಾರಾಯ್ತಿ.”

ಮೂರೂವರೆಗೆ ಹೊರಟರು. ಕೊಡೆ ಹಿಡಿದುಕೊಂಡು ಹೋದರು. ಚೀಲ ಇಲ್ಲೇ ಮೇಜಿನ ಮೇಲೆ. ನಾಲ್ಕು ಗಂಟೆ ದಾಟಿದ ಮೇಲೆ ಅದನ್ನು ಕಂಡದ್ದೇ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಮಾನ ಹೋಗುತ್ತದೆ ಎಂಬ ಭಯಕ್ಕೆ ಈ ಮನುಷ್ಯ ಬರಿಗೈಯಲ್ಲಿ ಕರೆಂಟಿಗೆ ಕೈ ಹಾಕಿದರೆ? ಇಷ್ಟು ದಿನ ನಿಜ ಹೇಳಲು ಬಿಡದವಳು ನಾನೇ ಅಲ್ಲವೇ? ಉಟ್ಟ ಸೀರೆಯಲ್ಲೇ ಚೀಲ ಎತ್ತಿಕೊಂಡು ಬಸ್ಸು ಹತ್ತಿದೆ. ಪಟ್ಟಂನಲ್ಲಿ ಇಳಿದು ಹೆಚ್ಚುಕಡಿಮೆ ಓಡಿದೆ.

ಸಾಹೇಬರ ಹೆಂಡತಿ ಜಗಲಿಯಲ್ಲೇ ಇದ್ದರು. ನಾನು ಯಾರೆಂದು ಹೇಳಿದೆ. “ಬನ್ನಿ, ಬನ್ನಿ. ಇಬ್ರೂ ಮುಕ್ಕಾಲು ಗಂಟೆಯಿಂದ ಬಚ್ಚಲುಮನೆ ಬಾಗಿಲು ಹಾಕ್ಕೊಂಡಿದ್ದಾರೆ ಕಣ್ರೀ. ಮಾತಿಲ್ಲ, ಕತೆಯಿಲ್ಲ. ಬರೀ ಸದ್ದು” ಎಂದರು. ಒಳಗಿನಿಂದ ಠಣ್, ಠಣ್ ಎಂದು ಕೇಳುತ್ತಿತ್ತು. ನಿಂತಿತು. ಮತ್ತೆ ಠಣ್.

“ಮೇನ್ ಆಫ್ ಮಾಡಿದ್ದಾರಾ?” ಎಂದು ನಾನು ನೇರ ಮೀಟರಿನ ಹಲಗೆಯ ಹತ್ತಿರ ಹೋದೆ. ಮಾಡಿರಲಿಲ್ಲ! ಆದರೆ ಗೀಸರ್‌ನ ಫ್ಯೂಸ್ ಇರಬೇಕಾದ ಜಾಗ, ಹಲ್ಲು ಬಿದ್ದ ಬಾಯಿಯ ಹಾಗೆ ಖಾಲಿ.

“ಇಲ್ಲಿನ ಫ್ಯೂಸ್ ಎಲ್ಲಿ ಹೋಯ್ತು?”

ಅವರು ಬಚ್ಚಲಿನ ಕಡೆ ಒಮ್ಮೆ ನೋಡಿ, ನನ್ನ ಕೈ ಹಿಡಿದು ಅಡುಗೆಮನೆಗೆ ಕರೆದುಕೊಂಡು ಹೋದರು. ಕಪಾಟಿನ ಮೂರನೇ ಡಬ್ಬಿ ಇಳಿಸಿದರು. ಮೊಣಕೈವರೆಗೆ ಕಡಲೆಬೇಳೆಯೊಳಗೆ ಕೈಹಾಕಿ ತಡಕಾಡಿ, ಬಿಳಿ ಪಿಂಗಾಣಿ ಫ್ಯೂಸನ್ನು ಹೊರತೆಗೆದರು.

“ಯಾರಿಗೂ ಹೇಳಬೇಡಿ. ಮಂಗಳವಾರ ಗೀಸರ್ ಮೊದಲ ಸಲ ಹಾಕಿದ್ವಿ, ನೀರು ಬರೀ ಉಗುರುಬೆಚ್ಚಗೆ ಬಂತು. ಇವರು ನಾನೇ ರಿಪೇರಿ ಮಾಡ್ತೀನಿ ಅಂತ ಸ್ಕ್ರೂಡ್ರೈವರ್ ತಗೊಂಡ್ರು. ಇವರಿಗೆ ಪೆನ್ಸಿಲ್ ಕೆತ್ತೋಕೂ ಬರಲ್ಲ ಕಣ್ರೀ! ಜೀವ ಮುಖ್ಯ ಅಂತ ಇದನ್ನ ಕಿತ್ತು ಬಚ್ಚಿಟ್ಟೆ. ಆಮೇಲೆ ನೀರು ಉಗುರುಬೆಚ್ಚಗೂ ಇಲ್ಲ. ಇವರು ನಾಲ್ಕು ದಿನದಿಂದ ಬಿಚ್ಚೋದು, ಜೋಡಿಸೋದು, ಬಿಚ್ಚೋದು.”

ನನಗೆ ನಗು ತಡೆಯಲಿಲ್ಲ. ಅವರಿಗೂ ತಡೆಯಲಿಲ್ಲ. ಇಬ್ಬರೂ ಕಡಲೆಬೇಳೆ ಡಬ್ಬಿಯ ಎರಡು ಕಡೆ ಹಿಡಿದುಕೊಂಡು, ಸದ್ದು ಹೊರಗೆ ಹೋಗದ ಹಾಗೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ಅದೇ ಹೊತ್ತಿಗೆ ಬಚ್ಚಲಲ್ಲಿ ನಡೆದದ್ದನ್ನು ಇವರು ಆಮೇಲೆ ಹೇಳಿದರು. ಬಾಗಿಲು ಹಾಕಿದ ಕೂಡಲೇ ಸಾಹೇಬರು ಜೇಬಿನಿಂದ ಒಂದು ಕರ್ಚೀಫು ತೆಗೆದು ಬಿಚ್ಚಿದರಂತೆ. ಅದರಲ್ಲಿ ನಾಲ್ಕು ಸ್ಕ್ರೂ. “ನೋಡ್ರೀ, ಎಷ್ಟು ಸಲ ಜೋಡಿಸಿದ್ರೂ ಇವು ಮಿಕ್ಕುತ್ತವೆ. ಇದು ಮನೆಯವಳಿಗೆ ಗೊತ್ತಾಗಬಾರದು, ಅದಕ್ಕೇ ಒಬ್ಬರನ್ನೇ ಕರೆದದ್ದು. ಬೇಗ ಮಾಡಿಬಿಡಿ. ಮಾಡಿದ್ದು ನಾನೇ ಅಂತ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ.”

ಇವರಿಗೆ ಬಾಯಿಪಾಠ ಎಲ್ಲ ಮರೆತೇಹೋಗಿತ್ತು. ಸ್ವಲ್ಪ ಹೊತ್ತು ಹೊರಗಿನವರಿಗೆ ಕೇಳಲಿ ಎಂದು ಕೊಡೆಯ ಹಿಡಿಯಿಂದ ಗೀಸರ್‌ಗೆ ಬಡಿದರು. ಸಾಹೇಬರೂ ಒಂದು ಚೊಂಬು ತಗೊಂಡು ಬಡಿದರು. ಕಡೆಗೆ ಇವರು ಕೊಡೆ ಕೆಳಗಿಟ್ಟು ಹೇಳಿಯೇ ಬಿಟ್ಟರು: “ಸಾರ್, ಕ್ಷಮಿಸಬೇಕು. ನನಗೆ ಇದರಲ್ಲಿ ಏನೂ ಬರುದಿಲ್ಲ. ಇಷ್ಟು ದಿನ ಮಾಡಿದ್ದೆಲ್ಲ ನನ್ನ ಹೆಂಡತಿ.”

ಕೆಲಸವೇ ಹೋಯಿತು ಎಂದುಕೊಂಡು ಕಣ್ಣು ಮುಚ್ಚಿದರಂತೆ. ಸಾಹೇಬರು ಅವರ ಎರಡೂ ಕೈ ಹಿಡಿದುಕೊಂಡು, “ಹಾಗಾದ್ರೆ ನಿಂತ್ಕೊಂಡು ಏನ್ರೀ ನೋಡ್ತಿದ್ದೀರಾ, ಅವರನ್ನ ಕರೆಸ್ರೀ!” ಎಂದರು.

ಆಗಲೇ ನಾನು ಬಾಗಿಲು ತಟ್ಟಿದೆ.

ಒಳಗೆ ಹೋಗಿ ನೋಡಿದರೆ ಥರ್ಮೋಸ್ಟಾಟಿನ ಸಣ್ಣ ತಿರುಪು ಅತಿ ಕಡಿಮೆಗೆ ತಿರುಗಿ ನಿಂತಿತ್ತು. ಹಿಂದಿನವರು ಬೇಸಿಗೆಗೆಂದು ಇಟ್ಟದ್ದಿರಬೇಕು. ಉಗುರುಬೆಚ್ಚಗಿನ ನೀರಿಗೆ ಅಷ್ಟೇ ಕಾರಣ. ಅದನ್ನು ತಿರುಗಿಸಿದೆ. ಸಾಹೇಬರು ಎಲ್ಲೆಲ್ಲಿಗೋ ಸಿಕ್ಕಿಸಿದ್ದ ತಂತಿಗಳನ್ನು ಅವುಗಳ ಜಾಗಕ್ಕೆ ತಂದೆ. ನಾಲ್ಕು ಸ್ಕ್ರೂಗಳಿಗೂ ಮನೆ ಸಿಕ್ಕಿತು. ಫ್ಯೂಸ್ ಹಾಕಿ ಅರ್ಧ ಗಂಟೆ ಕಾದೆವು, ನಾಲ್ವರೂ ಬಾಗಿಲಲ್ಲಿ ಒತ್ತೊತ್ತಾಗಿ ನಿಂತುಕೊಂಡು. ನಲ್ಲಿ ತಿರುಗಿಸಿದೆ. ಹಬೆ!

ಸಾಹೇಬರ ಹೆಂಡತಿ ಚಪ್ಪಾಳೆ ತಟ್ಟಿದರು. ಇವರು ಮುಂದೆ ಬಂದು, ಯಾರೂ ಕೇಳದಿದ್ದರೂ, ಗಟ್ಟಿಯಾಗಿ ಹೇಳಿದರು, “ಮಾಡಿದ್ದು ಇವಳು. ಯಾವಾಗಲೂ ಇವಳೇ.” ನಾಲ್ಕು ವರ್ಷ ಕಾದ ಮಾತು. ನನಗೆ ಸೆರಗಿನಿಂದ ಮುಖ ಒರೆಸಿಕೊಳ್ಳಬೇಕಾಯಿತು, ಹಬೆಯ ನೆಪದಲ್ಲಿ.

ಸಾಹೇಬರಿಗೆ ಮಾತ್ರ ಹುರುಪು ಇಳಿದಿರಲಿಲ್ಲ. ಇಡೀ ಕೆಲಸ ಕಣ್ಣಾರೆ ಕಂಡಿದ್ದರಲ್ಲ. ಕೈ ಉಜ್ಜಿಕೊಳ್ಳುತ್ತ ಹೇಳಿದರು, “ಇಷ್ಟೇನಾ! ಈಗ ಗೊತ್ತಾಯ್ತು ಬಿಡಿ. ಹಾಲ್‌ನಲ್ಲಿರೋ ಫ್ಯಾನೂ ಕಿರುಗುಡ್ತಿದೆ. ನಾಳೆ ಭಾನುವಾರ, ನಾನೇ ಇಳಿಸಿ ಬಿಚ್ಚಿ ನೋಡ್ತೀನಿ.”

ಅವರ ಹೆಂಡತಿ ಶಾಂತವಾಗಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು.

“ಮುಟ್ಟಿ ನೋಡಿ. ಈ ಸಲ ಫ್ಯೂಸ್ ಅಲ್ಲ, ನಿಮ್ಮನ್ನೇ ಕಡಲೆಬೇಳೆ ಡಬ್ಬಿಗೆ ಹಾಕಿ ಮುಚ್ಚಳ ಮುಚ್ತೀನಿ.”